ಯಾವ ಶಹಾಪುರ?

ಯಾದಗಿರಿ ರೈಲು ನಿಲ್ದಾಣದಲ್ಲಿ ಇಳಿದವನು ಶಹಾಪುರದ ದಾರಿ ಕೇಳಿದರೆ, "ಯಾವ ಶಹಾಪುರ?" ಎಂದು ಯಾರೂ ಕೇಳುವುದಿಲ್ಲ. ಆದರೆ ಬೆಳಗಾವಿಯಲ್ಲೊಂದು ಶಹಾಪುರವುಂಟು, ಠಾಣೆ ಜಿಲ್ಲೆಯಲ್ಲಿ ಮತ್ತೊಂದು. ನೆರೆಯ ಸುರಪುರವೋ, ಆಂಗ್ಲರ ಕಡತಗಳಲ್ಲಿ ಶೋರಾಪುರ. ಒಂದಕ್ಷರ ಜಾರಿದರೆ ಶೋಲಾಪುರ!

ಮನುಷ್ಯನು ಮುಖ ನೋಡಿ ಅರಿತಾನು. ಜನರ ಪರವಾಗಿ ಕೆಲಸಮಾಡುವ ಕೃತಕ ಬುದ್ಧಿಯ ಏಜೆಂಟಿಗೆ ಆ ಭಾಗ್ಯವಿಲ್ಲ. ಯಾವ ಸಾಫ್ಟ್‌ವೇರ್ ಉಪಕರಣವನ್ನು ಎತ್ತಿಕೊಳ್ಳಬೇಕೆಂಬುದಕ್ಕೆ, ಅದರ ಹೆಸರಿನೊಡನೆ ಬರೆದಿಟ್ಟ ನಾಲ್ಕು ಸಾಲಿನ ವಿವರಣೆಯೇ ಕೈಮರ. "ಊರಿನ ಮಳೆಯ ಮುನ್ಸೂಚನೆ ಕೊಡುತ್ತದೆ" ಎಂದಷ್ಟೇ ಅಲ್ಲಿದ್ದರೆ, ನಮ್ಮ ಶಹಾಪುರದ ಹತ್ತಿ ಬೆಳೆಗಾರನಿಗೆ ಠಾಣೆಯ ಮಳೆಯ ಸುದ್ದಿ ಬಂದೀತು. ಅದನ್ನು ನಂಬಿ ಆತ ಬಿಡಿಸುವ ಹತ್ತಿಯನ್ನು ಹೊಲದಲ್ಲೇ ಬಿಟ್ಟಾನು. "ಜಿಲ್ಲೆಯ ಹೆಸರೂ ಬೇಕು; ಸಂದೇಹವಿದ್ದರೆ ಊಹಿಸದೆ ಕೇಳು" ಎಂಬ ಎರಡು ಮಾತು ಆ ನಷ್ಟವನ್ನು ತಪ್ಪಿಸಬಲ್ಲವು.

ತಪ್ಪಿಸಿದವೆಂದು ತಿಳಿಯುವುದೆಂತು? ಬರೆದವನು ಓದಿದರೆ ಎಲ್ಲವೂ ಸ್ಪಷ್ಟವೇ. ಊರು ಅವನ ಮನಸ್ಸಿನಲ್ಲಿ ಮೊದಲೇ ಇದೆ. ಆದುದರಿಂದ ಸರಿಯುತ್ತರ ಗೊತ್ತಿರುವ ನೂರಾರು ಪ್ರಶ್ನೆಗಳನ್ನು ಏಜೆಂಟಿನ ಮುಂದಿಡಬೇಕು. ತಕ್ಕ ಉಪಕರಣವನ್ನು ತಕ್ಕ ವಿವರಗಳೊಡನೆ ಎಷ್ಟು ಸಲ ಬಳಸಿತೆಂದು ಎಣಿಸಬೇಕು. ವಿವರಣೆಯ ಒಂದು ಮಾತು ತಿದ್ದಿ, ಅವೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು.

ಕೈಮರದ ಬೆಲೆಯನ್ನು ನೆಟ್ಟವನು ಹೇಳಲಾರ. ದಾರಿ ತಿಳಿಯದವನು ಊರು ಮುಟ್ಟಿದಾಗಲೇ ಅದು ಗೊತ್ತಾಗುವುದು.