ಹೊನಗೊನೆಯೋ, ಅಲ್ಲವೋ?

ಹೆಸರು ಗೊತ್ತಿಲ್ಲದ ಗಿಡಕ್ಕೆಲ್ಲ ನಾವು ಇಟ್ಟಿರುವ ಹೆಸರು ಒಂದೇ: ಕಳೆ. ಹೊಲದ ಬದುವಿನಲ್ಲಿದ್ದರೂ ಕಳೆ, ಶಾಲೆಯ ಕಾಂಪೌಂಡಿನ ಬುಡದಲ್ಲಿದ್ದರೂ ಕಳೆ, ಬಸ್ ನಿಲ್ದಾಣದ ಚರಂಡಿಯ ಅಂಚಿನಲ್ಲಿದ್ದರೂ ಕಳೆ. ಹತ್ತನೇ ತರಗತಿಯ ಹುಡುಗನಿಗೆ ದ್ಯುತಿಸಂಶ್ಲೇಷಣೆಯ ಸಮೀಕರಣ ಬಾಯಿಪಾಠ. ಆದರೆ ಅದೇ ಕ್ರಿಯೆಯನ್ನು ಕಿಟಕಿಯಾಚೆ ಬಿಸಿಲಲ್ಲಿ ನಿಂತು ನಡೆಸುತ್ತಿರುವ ಗಿಡ ಯಾವುದಪ್ಪಾ ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತಾನೆ. ಅವನನ್ನು ದೂರಿ ಫಲವಿಲ್ಲ. ಆ ಪ್ರಶ್ನೆಗೆ ಪರೀಕ್ಷೆಯಲ್ಲಿ ಅಂಕವಿಲ್ಲ.

ಈಚೆಗೆ ಈ ಕೊರತೆಗೊಂದು ಮದ್ದು ಸಿಕ್ಕಿದೆ. ಮೊಬೈಲ್ ಫೋನಿನಿಂದ ಗಿಡದ ಫೋಟೋ ತೆಗೆದರೆ ಸಾಕು, ಕ್ಷಣಾರ್ಧದಲ್ಲಿ ಲ್ಯಾಟಿನ್ ಹೆಸರು ತೆರೆಯ ಮೇಲೆ ಮೂಡುತ್ತದೆ. ಮಕ್ಕಳಿಗೆ ಇದು ಮಾಯಾಜಾಲ. ತಂದೆತಾಯಿಗಳಿಗೆ ಮಾತ್ರ ಅನುಮಾನ: ‘ಮೊದಲೇ ಮೊಬೈಲ್ ಬಿಡೋದಿಲ್ಲ, ಮೇಷ್ಟ್ರೂ ಹೀಗೆ ಹೇಳಿಕೊಟ್ಟರೆ ಗತಿಯೇನು?’ ಅನುಮಾನ ನ್ಯಾಯವಾದದ್ದೇ. ಅದಕ್ಕೆ ನನ್ನ ಉತ್ತರ ಇಷ್ಟು: ಯಂತ್ರ ಹೇಳಿದ ಹೆಸರನ್ನು ಉತ್ತರವೆಂದುಕೊಂಡರೆ ಮಗು ಏನೂ ಕಲಿಯುವುದಿಲ್ಲ. ಅದನ್ನೊಂದು ಪ್ರಶ್ನೆಯೆಂದುಕೊಂಡರೆ, ಅಲ್ಲಿಂದಾಚೆಗೆ ಸಸ್ಯಶಾಸ್ತ್ರ ಶುರುವಾಗುತ್ತದೆ.

ನಾನು ಬಿ.ಎಸ್ಸಿ. ಓದುವ ಕಾಲದಲ್ಲಿ ಗಿಡವೊಂದರ ಹೆಸರು ತಿಳಿಯುವುದೆಂದರೆ ಅರ್ಧ ದಿನದ ಕೆಲಸ. ಹೂವನ್ನು ಬ್ಲೇಡಿನಿಂದ ಸೀಳಿ, ಕೇಸರಗಳನ್ನು ಎಣಿಸಿ, ಅಂಡಾಶಯ ಮೇಲಿದೆಯೋ ಕೆಳಗಿದೆಯೋ ಎಂದು ಭೂತಗನ್ನಡಿಯಲ್ಲಿ ನೋಡಿ, ಗ್ಯಾಂಬಲ್ ಸಾಹೇಬನ ಮದ್ರಾಸ್ ಪ್ರಾಂತದ ಸಸ್ಯಗ್ರಂಥದಲ್ಲಿ ಮೆಟ್ಟಿಲಿಳಿದಂತೆ ಒಂದೊಂದೇ ಕವಲು ಇಳಿಯಬೇಕು. ಎಲೆ ಎದುರುಬದುರೋ, ಒಂದು ಬಿಟ್ಟು ಒಂದೋ? ಎಸಳು ಬಿಡಿಯೋ, ಕೂಡಿದೆಯೋ? ಕೊನೆಗೆ ಗಿಡವನ್ನು ಹಳೆಯ ವೃತ್ತಪತ್ರಿಕೆಯ ನಡುವೆ ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆಗೆ ಅಂಟಿಸುವುದು. ಆ ಹಾಳೆಯ ಬಲ ಮೂಲೆಯಲ್ಲಿ ಚೀಟಿ: ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಯಾರು ಸಂಗ್ರಹಿಸಿದರು. ಚೀಟಿಯಿಲ್ಲದ ಹಾಳೆಗೆ ನಮ್ಮ ಮೇಷ್ಟ್ರು ಅಂಕ ಕೊಡುತ್ತಿರಲಿಲ್ಲ. ‘ಇದು ಒಣಹುಲ್ಲು ಕಣಯ್ಯ’ ಎಂದು ಹಿಂದಕ್ಕೆ ಕೊಡುತ್ತಿದ್ದರು.

ಸಾಲ್ಡಾನಾ ಮತ್ತು ನಿಕಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥದ ಹಿಂದೆ ಇರುವುದು ಇಂಥ ಹಾಳೆಗಳೇ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡ ನೋಡುವುದು ನಗುನಗುತ್ತಾ ಮಾಡಬಹುದಾದ ಕೆಲಸವೆಂದು ಕನ್ನಡಿಗರಿಗೆ ತೋರಿಸಿಕೊಟ್ಟವರು ಅವರು.

ಇಂದಿನ ಫೋಟೋ ಆ ಹರ್ಬೇರಿಯಂ ಹಾಳೆಯ ಮೊಮ್ಮಗು ಅನ್ನಬಹುದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ಸ್ನಾತಕೋತ್ತರ ವಿದ್ಯಾರ್ಥಿಗಳು 2008ರಲ್ಲಿ ತಮ್ಮ ಪ್ರಾಜೆಕ್ಟಿಗಾಗಿ ‘ಐನ್ಯಾಚುರಲಿಸ್ಟ್’ ಎಂಬುದನ್ನು ಶುರುಮಾಡಿದರು. ಅದೇ ವರ್ಷ ನಮ್ಮಲ್ಲೂ ‘ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್’ ಆರಂಭವಾಯಿತು. ಎರಡರ ತತ್ವವೂ ಸರಳ. ಯಾರು ಬೇಕಾದರೂ ಗಿಡದ ಫೋಟೋವನ್ನು ದಿನಾಂಕ ಮತ್ತು ಸ್ಥಳದೊಂದಿಗೆ ಸೇರಿಸಬಹುದು. ಬಲ್ಲವರು ಎಲ್ಲಿಂದಲೋ ನೋಡಿ ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಹೌದೆನ್ನುತ್ತಾರೆ, ಮತ್ತೊಬ್ಬರು ಅಲ್ಲವೆನ್ನುತ್ತಾರೆ. ಜನಸಾಮಾನ್ಯರು ಕಣ್ಣು ಕೊಟ್ಟು ವಿಜ್ಞಾನಕ್ಕೆ ನೆರವಾಗುವ ಈ ಪದ್ಧತಿಗೆ ‘ನಾಗರಿಕ ವಿಜ್ಞಾನ’ ಎಂಬ ಹೆಸರಿದೆ.

ಐನ್ಯಾಚುರಲಿಸ್ಟ್‌ನಲ್ಲಿ ಕನಿಷ್ಠ ಇಬ್ಬರು ಹೆಸರಿಸಿರಬೇಕು, ಹೆಸರಿಸಿದವರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮಂದಿ ಪ್ರಭೇದದ ಬಗ್ಗೆ ಒಪ್ಪಬೇಕು, ಗಿಡ ತಾನಾಗಿ ಬೆಳೆದದ್ದಾಗಿರಬೇಕು. ಆಗ ಮಾತ್ರ ಆ ದಾಖಲೆ ಸಂಶೋಧನೆಗೆ ಯೋಗ್ಯವೆಂಬ ದರ್ಜೆ ಪಡೆಯುತ್ತದೆ. 2017ರಿಂದ ಯಂತ್ರವೂ ಹೆಸರು ಸೂಚಿಸುತ್ತಿದೆ. ಆದರೆ ಯಂತ್ರಕ್ಕೆ ಪಾಠ ಹೇಳಿದ್ದೇ ಮನುಷ್ಯರು ಹೆಸರಿಸಿಟ್ಟ ಲಕ್ಷಾಂತರ ಫೋಟೋಗಳು. ಅದು ಕೊಡುವುದು ‘ಇದಿರಬಹುದು, ಅದಿರಬಹುದು’ ಎಂಬ ಪಟ್ಟಿ, ತೀರ್ಪಲ್ಲ.

ಈ ವ್ಯತ್ಯಾಸ ನಮ್ಮ ಮಕ್ಕಳಿಗೆ ಮನದಟ್ಟಾದದ್ದು ಒಂದು ಸೊಪ್ಪಿನಿಂದ. ನಾನು ಕೆಲಸ ಮಾಡುವ ಪ್ರೌಢಶಾಲೆ ಬೆಂಗಳೂರಿನ ಅಂಚಿನಲ್ಲಿ, ಒಂದು ಕೆರೆಯ ಹತ್ತಿರ ಇದೆ. ಊರು ನಗರವಾಗುತ್ತಿದ್ದರೂ ಬೆರಕೆ ಸೊಪ್ಪಿನ ಸಾರು ಮಾಡುವ ಮನೆಗಳು ಇನ್ನೂ ಇವೆ. ಮಳೆ ಬಿದ್ದು ನಾಲ್ಕು ದಿನಕ್ಕೆ ಅಣ್ಣೆ, ಗೋಣಿ, ಗಣಿಕೆ, ಹೊನಗೊನೆ ಎಂದು ಹೆಂಗಸರು ಮಡಿಲು ತುಂಬಿಕೊಂಡು ಬರುತ್ತಾರೆ. ಒಂದು ಶನಿವಾರ ಎಂಟನೇ ತರಗತಿಯ ಮಕ್ಕಳೊಂದಿಗೆ ಕೆರೆ ಏರಿಯ ಮೇಲೆ ಹೋಗಿದ್ದೆ. ಇಡೀ ತರಗತಿಗೆ ಇದ್ದದ್ದು ನನ್ನ ಒಂದು ಫೋನು. ನೀರಿನ ಅಂಚಿನಲ್ಲಿ ಹಾಸಿಗೆ ಹಾಸಿದಂತೆ ಹಬ್ಬಿದ್ದ ಹಸಿರನ್ನು ನೋಡಿ ಹುಡುಗಿಯೊಬ್ಬಳು, ‘ಸಾರ್, ಹೊನಗೊನೆ! ನಮ್ಮಜ್ಜಿ ಇದರ ಪಲ್ಯ ಮಾಡ್ತಾರೆ’ ಎಂದು ಕೂಗಿದಳು. ಎಲೆಯ ಫೋಟೋ ತೆಗೆದದ್ದಾಯಿತು. ಯಂತ್ರದ ಪಟ್ಟಿಯಲ್ಲಿ ಮೊದಲು ಬಂದದ್ದೂ ಹೊನಗೊನೆಯೇ. ಎರಡನೆಯದು ಅದರ ಹತ್ತಿರದ ನೆಂಟ. ಮಕ್ಕಳು ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿದರು. ‘ಎರಡನೆಯದು ಯಾಕಲ್ಲ?’ ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ.

ಸೋಮವಾರ ಆ ಹುಡುಗಿ ಮನೆಯಿಂದ ತೀರ್ಪು ತಂದಿದ್ದಳು. ಒಂದು ಕಡ್ಡಿಯನ್ನು ಅಜ್ಜಿಗೆ ತೋರಿಸಿದಾಗ ಅವರು ಬೆರಳಲ್ಲಿ ಹಿಸುಕಿ ನೋಡಿ, ‘ಹೊನಗೊನೆ ಅಲ್ಲ ಕಣೇ ಇದು. ಕಡ್ಡಿ ಕೊಳವೆ ಥರ ಟೊಳ್ಳು. ಇದನ್ನ ಯಾರೇ ತಿಂತಾರೆ?’ ಅಂದರಂತೆ. ಮತ್ತೆ ಕೆರೆಗೆ ಹೋದೆವು. ಈ ಸಲ ಹೂವು ಹುಡುಕಿದೆವು.

ಎರಡು ಗಿಡಗಳೂ ಅಲ್ಟರ್ನಾಂಥೆರಾ ಎಂಬ ಒಂದೇ ಕುಲದವು. ಎರಡಕ್ಕೂ ಎಲೆ ಎದುರುಬದುರು, ಹೂಗೊಂಚಲು ಬಿಳಿಯ ಗುಂಡು. ಆದರೆ ಹೊನಗೊನೆಯ ಪೂರ್ಣ ಹೆಸರು ಅಲ್ಟರ್ನಾಂಥೆರಾ ಸೆಸೈಲಿಸ್. ‘ಸೆಸೈಲಿಸ್’ ಎಂದರೆ ಲ್ಯಾಟಿನ್ನಿನಲ್ಲಿ ಕುಳಿತದ್ದು ಎಂದರ್ಥ. ಅದರ ಹೂಗುಂಡು ತೊಟ್ಟಿಲ್ಲದೆ ಎಲೆಯ ಕಂಕುಳಲ್ಲೇ ಅಂಟಿಕೊಂಡು ಕೂತಿರುತ್ತದೆ. ನೆಂಟ, ಅಂದರೆ ಅಲ್ಟರ್ನಾಂಥೆರಾ ಫಿಲಾಕ್ಸಿರಾಯ್ಡಿಸ್‌ನ ಹೂಗುಂಡಿಗೆ ಒಂದೆರಡು ಅಂಗುಲದ ತೊಟ್ಟಿರುತ್ತದೆ. ಇಂಗ್ಲಿಷಿನವರು ಅಲಿಗೇಟರ್ ವೀಡ್ ಎನ್ನುವ ಈ ಗಿಡ ದಕ್ಷಿಣ ಅಮೆರಿಕದ್ದು. ಇಂದು ನಮ್ಮ ಎಷ್ಟೋ ಕೆರೆಗಳ ಮೇಲೆ ಚಾಪೆಯಂತೆ ಹರಡಿದೆ.

ನಮ್ಮ ಕೆರೆಯ ಗಿಡಕ್ಕೆ ತೊಟ್ಟಿತ್ತು. ತೊಟ್ಟು ಕಾಣುವಂತೆ ಪಕ್ಕದಿಂದ ತೆಗೆದ ಫೋಟೋ ಹಾಕಿದ ಮೇಲೆ, ನಾವೆಂದೂ ನೋಡಿರದ ಇಬ್ಬರು ಅದೇ ಹೆಸರನ್ನು ದೃಢಪಡಿಸಿದರು. ಅಜ್ಜಿಯ ಬೆರಳು ಅದನ್ನು ಮೊದಲೇ ಹೇಳಿತ್ತು. ನೀರಿನಲ್ಲಿ ಬೆಳೆದ ಹೊನಗೊನೆಯ ಕಾಂಡವೂ ಕೆಲವೊಮ್ಮೆ ಟೊಳ್ಳಾಗುವುದುಂಟು. ಆದ್ದರಿಂದ ಕಾಂಡ ಸುಳಿವು, ತೊಟ್ಟು ಸಾಕ್ಷ್ಯ ಎಂದು ಮಕ್ಕಳಿಗೆ ಬರೆಸಿದೆ. ಇನ್ನೊಂದು ಮಾತನ್ನೂ ಬರೆಸಿದೆ: ಕೊಳಚೆ ಸೇರುವ ಕೆರೆಯಲ್ಲಿ ನಿಜವಾದ ಹೊನಗೊನೆಯೇ ಬೆಳೆದಿದ್ದರೂ ಅದು ಭಾರಲೋಹಗಳನ್ನು ಹೀರಿಕೊಂಡಿರಬಹುದು. ಹೆಸರು ಸರಿಯಿದ್ದ ಮಾತ್ರಕ್ಕೆ ಸೊಪ್ಪು ಒಳ್ಳೆಯದಾಗುವುದಿಲ್ಲ.

ಅಲ್ಲಿಂದ ಮುಂದೆ ನಮ್ಮ ಮಕ್ಕಳು ಫೋಟೋ ತೆಗೆಯುವ ಮೊದಲು ಬಗ್ಗಿ ನೋಡುವುದನ್ನು ರೂಢಿಸಿಕೊಂಡರು. ನೆಲನೆಲ್ಲಿಯನ್ನೇ ತೆಗೆದುಕೊಳ್ಳಿ. ಮೇಲಿನಿಂದ ತೆಗೆದರೆ ಬರೀ ಎಲೆ. ಕಡ್ಡಿಯನ್ನು ಮಗುಚಿದರೆ ಕೆಳಗೆ ಸಾಸಿವೆಯಂಥ ಕಾಯಿಗಳ ಸಾಲು. ಕಾಯಿ ನುಣುಪಾಗಿ ಪುಟ್ಟ ತೊಟ್ಟಿನಿಂದ ನೇತಾಡುತ್ತಿದ್ದರೆ ಒಂದು ಪ್ರಭೇದ, ಒರಟಾಗಿ ಕಡ್ಡಿಗೇ ಅಂಟಿದ್ದರೆ ಇನ್ನೊಂದು. ತುಂಬೆ, ತುಳಸಿ, ಕಾಮಕಸ್ತೂರಿ ಒಂದೇ ಕುಟುಂಬವೆಂಬುದಕ್ಕೆ ಗುರುತು ಚೌಕ ಕಾಂಡ. ಅದು ಫೋಟೋದಲ್ಲಿ ಸುಲಭಕ್ಕೆ ಕಾಣುವುದಿಲ್ಲ, ಕಣ್ಣು ಮುಚ್ಚಿ ಬೆರಳಲ್ಲಿ ಉರುಳಿಸಿದರೆ ತಿಳಿಯುತ್ತದೆ. ವಾಸನೆಯಂತೂ ಯಾವ ಕ್ಯಾಮೆರಾಕ್ಕೂ ಸಿಕ್ಕುವುದಿಲ್ಲ.

ನಾಡಹೆಸರುಗಳ ಗೋಜಲೂ ಹೀಗೆ ಬಿಡಿಸಿಕೊಂಡಿತು. ಶಾಲೆಗಳ ಮುಂದೆ ಕಂಬದಂತೆ ನೆಟ್ಟಗೆ ನಿಲ್ಲುವ, ಅಲೆಅಲೆಯಾದ ಎಲೆಯಂಚಿನ ‘ಅಶೋಕ’ ನಿಜವಾದ ಅಶೋಕವೇ ಅಲ್ಲ, ಅದು ಸೀತಾಫಲದ ಬಳಗದ್ದು. ಕಿತ್ತಳೆಗೆಂಪು ಹೂವಿನ ನಿಜ ಅಶೋಕ ಹುಣಸೆ, ಹೊಂಗೆಗಳ ಬಳಗದ್ದು. ಒಂದೆಲಗವನ್ನು ಕೆಲವರು ಬ್ರಾಹ್ಮಿ ಎನ್ನುತ್ತಾರೆ, ನೀರುಬ್ರಾಹ್ಮಿಯನ್ನೂ ಬ್ರಾಹ್ಮಿಯೆನ್ನುತ್ತಾರೆ. ಒಂದರ ಎಲೆ ದುಂಡು, ಇನ್ನೊಂದರದು ದಪ್ಪನಾದ ಕಿರುನಾಲಿಗೆ. ಎರಡೂ ಬೇರೆ ಬೇರೆ ಕುಟುಂಬ. ನಾಡಹೆಸರು ತಪ್ಪೆಂದಲ್ಲ. ಒಂದೇ ಹೆಸರಿಗೆ ಇಬ್ಬರು ವಾರಸುದಾರರಿದ್ದಾಗ ಲ್ಯಾಟಿನ್ ಹೆಸರು ಪಂಚಾಯಿತಿ ಮಾಡುತ್ತದೆ, ಅಷ್ಟೆ.

ಫೋಟೋ ತೆಗೆಯುವ ವಿದ್ಯಾರ್ಥಿಗಳಿಗೆ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಇಡೀ ಗಿಡ, ಅದು ಬೆಳೆದಿರುವ ಜಾಗದ ಸಮೇತ. ಆಮೇಲೆ ಎಲೆಯ ಮೇಲುಮೈ, ಕೆಳಮೈ. ಎಲೆಗಳು ಕಾಂಡಕ್ಕೆ ಜೋಡಿಕೊಂಡಿರುವ ರೀತಿ. ಹೂವನ್ನು ಎದುರಿನಿಂದ ಒಮ್ಮೆ, ತೊಟ್ಟು ಕಾಣುವಂತೆ ಪಕ್ಕದಿಂದ ಒಮ್ಮೆ. ಕಾಯಿ ಇದ್ದರೆ ಅದು. ಮರವಾದರೆ ತೊಗಟೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವೋ ಸ್ಕೇಲೋ ಇದ್ದರೆ ಅಳತೆ ತಿಳಿಯುತ್ತದೆ. ಗಿಡ ಕೀಳಬೇಡಿ, ಹರ್ಬೇರಿಯಂಗಿಂತ ಫೋಟೋ ಮೇಲಾಗಿರುವುದು ಈ ಒಂದು ವಿಷಯದಲ್ಲಿ. ಹೆಸರು ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ: ಇದು ಅದೇ ಎನ್ನಲು ನಾನು ಕಂಡ ಗುರುತೇನು? ಇದನ್ನೇ ಹೋಲುವ ಇನ್ನೊಂದು ಯಾವುದು? ಈ ಎರಡು ಸಾಲು ಬರೆಯಲಾಗದಿದ್ದರೆ ಆ ಹೆಸರು ಇನ್ನೂ ನಿಮ್ಮದಾಗಿಲ್ಲ, ಯಂತ್ರದ್ದೇ.

ಇಷ್ಟೆಲ್ಲ ಮಾಡಿ ಲೋಕಕ್ಕೇನು ಲಾಭ ಎಂದು ಕೇಳುವವರಿದ್ದಾರೆ. ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ, 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಆಮೇಲೆ ಅದು ದೇಶವನ್ನೆಲ್ಲ ಆವರಿಸಿದ್ದು ನಿಮಗೆ ಗೊತ್ತು. ಮೊದಲ ನಾಲ್ಕು ಗಿಡಗಳನ್ನು ಕೀಳುವುದು ಸುಲಭ, ನಾಲ್ಕು ಕೋಟಿಯನ್ನು ಕೀಳುವುದು ಯಾರಿಂದಾದೀತು? ಇಂದು ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಅಮೆರಿಕ ಮೂಲದ ಮರ ಹಬ್ಬುತ್ತಿದೆ. ಹಳದಿ ಹೂವು ನೋಡಿ ನಮ್ಮ ಕಕ್ಕೆಯೆಂದೇ ತಿಳಿಯುವವರುಂಟು. ಕಕ್ಕೆಯ ಹೂಮಾಲೆ ಕೆಳಕ್ಕೆ ಜೋಲುತ್ತದೆ, ಇದರ ಗೊಂಚಲು ಮೇಲಕ್ಕೆ ನಿಲ್ಲುತ್ತದೆ. ಇಂಥದ್ದು ಹೊಸ ಊರಿನಲ್ಲಿ ಕಾಣಿಸಿಕೊಂಡಾಗ ಅದನ್ನು ಮೊದಲು ನೋಡುವವನು ವಿಜ್ಞಾನಿಯಾಗಿರಬೇಕಿಲ್ಲ. ಶಾಲೆಗೆ ಹೋಗುವ ಹುಡುಗನಾಗಿರಬಹುದು. ಅವನ ಫೋಟೋದ ಜೊತೆಗಿರುವ ದಿನಾಂಕ ಮತ್ತು ಸ್ಥಳವೇ, ನಮ್ಮ ಮೇಷ್ಟ್ರು ಹಠ ಹಿಡಿದು ಬರೆಸುತ್ತಿದ್ದ ಆ ಚೀಟಿ.

ತಂದೆತಾಯಿಗಳಿಗೆ ಕೆಲವು ಮಾತು. ಯಂತ್ರ ‘ತಿನ್ನುವ ಗಿಡ’ದ ಹೆಸರು ಹೇಳಿತೆಂದು ಯಾವ ಎಲೆಯನ್ನೂ, ಕಾಯಿಯನ್ನೂ ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಿ, ಮನೆಮದ್ದಿಗೂ ಬಳಸಬೇಡಿ. ಉಮ್ಮತ್ತಿ, ಕಣಗಿಲೆಗಳಂಥ ವಿಷದ ಗಿಡಗಳು ನಮ್ಮ ಅಂಗಳದಲ್ಲೇ ಇವೆ. ಇಬ್ಬರು ಒಪ್ಪಿದ ಹೆಸರೂ ತಪ್ಪಾಗಿರಬಹುದು, ಮೂರನೆಯವರು ಬಂದು ತಿದ್ದಬಹುದು. ವಿಜ್ಞಾನದ ದಾರಿಯೇ ಅದು. ಐನ್ಯಾಚುರಲಿಸ್ಟ್‌ನಲ್ಲಿ ಹದಿಮೂರು ತುಂಬದ ಮಕ್ಕಳು ಸ್ವಂತ ಖಾತೆ ತೆರೆಯುವಂತಿಲ್ಲ. ಅವರು ದೊಡ್ಡವರ ಜೊತೆ ಕೂತು ದೊಡ್ಡವರ ಖಾತೆಯಲ್ಲೇ ಹಾಕಲಿ. ಅಥವಾ ಖಾತೆಯೇ ಬೇಡದ ‘ಸೀಕ್’ ಎಂಬ ಆ್ಯಪ್ ಬಳಸಲಿ. ಮನೆಯಂಗಳದ ಗಿಡವಾದರೆ ನಿಖರ ಸ್ಥಳವನ್ನು ಮರೆಮಾಡುವ ಅನುಕೂಲವಿದೆ. ಗಂಧದ ಮರದ ಜಾಗವನ್ನಂತೂ ಮರೆಮಾಡಲೇಬೇಕು. ಅದರ ವಿಳಾಸ ಹುಡುಕುವವರೆಲ್ಲ ಸಸ್ಯಪ್ರೇಮಿಗಳಲ್ಲ.

ಇದಕ್ಕೆಲ್ಲ ದಿನಕ್ಕೆ ಹತ್ತು ನಿಮಿಷ ಸಾಕು, ಮನೆಗೊಂದು ಫೋನು ಸಾಕು. ಉಳಿದ ಹೊತ್ತು ಫೋನು ಜೇಬಿನಲ್ಲಿರಲಿ, ಮಗುವಿನ ಕಣ್ಣು ಗಿಡದ ಮೇಲಿರಲಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಅವರು ಹೇಳುವ ಹೆಸರನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಅದರ ಮುಂದೆ ಲ್ಯಾಟಿನ್ ಹೆಸರು ಸೇರಿಸಿ. ಫೋಟೋ ಯಾವಾಗ ಬೇಕಾದರೂ ತೆಗೆಯಬಹುದು. ಕಡ್ಡಿಯನ್ನು ಹಿಸುಕಿ ನೋಡಿ ಹೇಳಬಲ್ಲವರು ನಮ್ಮ ಊರುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮುಂದಿನ ಭಾನುವಾರವೇ ಹೊರಡಿ.