ತೋಟದ ಮನೆಗೆ ಯಾವ ಖಾನೆ?

ಇಂಗ್ಲಿಷ್ ವಿಳಾಸವನ್ನು ಚೀನೀ ಭಾಷೆಗೆ ತರುವವರು ಮೊದಲು ಅದನ್ನು ತಲೆಕೆಳಗು ಮಾಡುತ್ತಾರೆ. ಇಂಗ್ಲಿಷಿನದು ಮನುಷ್ಯನ ಹೆಸರಿನಿಂದ ಹೊರಟು ಕೋಣೆ, ಕಟ್ಟಡ, ಬೀದಿ, ನಗರ ಎಂದು ಹಿಗ್ಗುತ್ತ ಹೋಗುತ್ತದೆ. ಚೀನೀಯರದು ಪ್ರಾಂತದಿಂದ ಶುರುವಾಗಿ ನಗರ, ಬೀದಿ, ಕಟ್ಟಡ, ಕೋಣೆ ಎಂದು ಇಳಿದು ಕಡೆಗೆ ಮನುಷ್ಯನನ್ನು ಮುಟ್ಟುತ್ತದೆ. ನಮಗಿದು ಹೊಸದೇನಲ್ಲ. ಚಿಕ್ಕೋಡಿ, ರಾಯಬಾಗ ಕಡೆಯ ಖರೀದಿ ಪತ್ರ ಬಿಚ್ಚಿ ನೋಡಿ: ಜಿಲ್ಲೆ, ತಾಲೂಕು, ಗ್ರಾಮ, ರಿ.ಸ. (ಸರ್ವೆ) ನಂಬರು, ಆಮೇಲೆ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ. ಮಾತಿನಲ್ಲೂ ಅಷ್ಟೇ, ಅಥಣಿ ತಾಲೂಕಿನ ಇಂಥ ಊರಿನ ಇಂಥ ತೋಟದ ಇಂಥವರ ಮನೆ ಎನ್ನುತ್ತೇವೆ. ಲಕೋಟೆಯ ಮೇಲೆ ಮಾತ್ರ ಇಂಗ್ಲಿಷಿನ ಕ್ರಮ.

ಕ್ರಮ ಹಿಂದುಮುಂದಾದರೆ ಕಾಗದವೇನೂ ದಾರಿ ತಪ್ಪುವುದಿಲ್ಲ. ತೊಡಕಿರುವುದು ಖಾನೆಗಳಲ್ಲಿ. ಮೊಬೈಲಿನ ಅರ್ಜಿ ಕೇಳುವುದು ಫ್ಲ್ಯಾಟು, ಬಿಲ್ಡಿಂಗು, ಸ್ಟ್ರೀಟು, ಸೆಕ್ಟರು. ಅದನ್ನು ಕನ್ನಡಿಸಿದವರು ಕಟ್ಟಡ, ಅಡ್ಡರಸ್ತೆ, ಬಡಾವಣೆ ಎಂದು ಬರೆದಿದ್ದಾರೆ. ಬೆಂಗಳೂರಿಗೆ ಇದು ಒಪ್ಪುತ್ತದೆ. ನಿಪ್ಪಾಣಿಯ ಪೇಠ, ಗಲ್ಲಿಗಳೂ ಹೇಗೋ ಬೀದಿಯ ಖಾನೆಯಲ್ಲಿ ಹೊಂದಿಕೊಂಡಾವು. ತೋಟ ಮಾತ್ರ ಎಲ್ಲಿಯೂ ಕೂರುವುದಿಲ್ಲ.

ಈ ಸೀಮೆಯಲ್ಲಿ ತೋಟ ಎಂದರೆ ಹೂವು ಹಣ್ಣಿನ ಜಾಗವಲ್ಲ. ಬಾವಿ, ಕೃಷ್ಣೆಯ ನೀರು, ಕಬ್ಬು ಕೂಡಿದ ಮೇಲೆ ಒಕ್ಕಲು ಮನೆತನಗಳು ಊರೊಳಗಿನ ಮನೆ ಬಿಟ್ಟು ಹೊಲದಲ್ಲೇ ನೆಲೆಸಿದವು. ಅಣ್ಣತಮ್ಮಂದಿರ ಮನೆಗಳು ಸೇರಿ ಒಂದು ತೋಟ, ಅದಕ್ಕೆ ಅಡ್ಡಹೆಸರೇ ಹೆಸರು: ಪಾಟೀಲರ ತೋಟ, ಮಾಳ್ಯಾರ ತೋಟ. ಮರಾಠಿ ಮಾತಾಡುವ ನೆರೆಯವರಿಗೆ ಅದೇ ಮಳಾ. ಯಂತ್ರಕ್ಕೆ ಕೊಟ್ಟರೆ ಅದು ಗಾರ್ಡನ್ ಆಗುತ್ತದೆ, ಒಂದು ವಂಶದ ನೆಲೆ ಉದ್ಯಾನವಾಗಿಬಿಡುತ್ತದೆ. ಪಾರ್ಸೆಲ್ ತಂದ ಹುಡುಗ ರಸ್ತೆಯಲ್ಲಿ ನಿಂತು ಫೋನು ಮಾಡುತ್ತಾನೆ.

"ಕಾಕಾ, ಬಿಲ್ಡಿಂಗ್ ಹೆಸರ ಏನ್ರಿ?"

"ಬಿಲ್ಡಿಂಗ್ ಎಲ್ಲೀದೋ ತಮ್ಮಾ, ತೋಟದಾಗ ಅದೀವಿ. ಕೆನಾಲ್ ದಾಟಿ ಬಾ, ಬಲಕ್ಕ ನೀರಿನ ಟಾಕಿ ಕಾಣ್ತದ. ಅಲ್ಲಿ ಯಾರನ್ನರೆ ಕೇಳು, ತೋರಸ್ತಾರ."

ಆ ಮಾತಿನಲ್ಲೂ ಚಕ್ಕುಬಂದಿಯೇ ಇದೆ. ನನ್ನ ಮಟ್ಟಿಗೆ ಇದು ಪೂರ್ಣ ವಿಳಾಸ. ಕೊರತೆ ಇರುವುದು ನಮೂನೆಯಲ್ಲಿ.

ನೆಲದ ಮೇಲಿರುವುದನ್ನೇ ಬರೆದುಕೊಳ್ಳುವ ವಿವೇಕ ಹಳೆಯ ಆಡಳಿತಗಳಿಗಿತ್ತು. ಕಾಗವಾಡ ತಾಲೂಕಿನ ಉಗಾರ ಬುದ್ರುಕ, ಉಗಾರ ಖುರ್ದ ನೋಡಿ. ಪಾರಸಿಯಿಂದ ಬಂದ ಮಾತುಗಳಿವು, ಒಂದು ಹಿರಿದು, ಇನ್ನೊಂದು ಕಿರಿದು. ಹೊರಗಿನ ಭಾಷೆಯಾದರೂ ಎರಡು ಉಗಾರಗಳನ್ನು ಬೇರೆಬೇರೆ ಎಂದು ಗುರುತಿಸಿ, ಇದ್ದುದನ್ನು ಇದ್ದಂತೆ ದಾಖಲೆಗೆ ತಂದವು. ಈಗ ಇಂಗ್ಲಿಷ್ ಅರ್ಜಿಗಳಲ್ಲಿ ಅವು ಬಿ.ಕೆ., ಕೆ.ಎಚ್. ಎಂದು ಸವೆದು, ಬೆಂಗಳೂರಿನಲ್ಲಿ ಕುಳಿತವರು ಯಾರದೋ ಇನಿಶಿಯಲ್ ಎಂದುಕೊಂಡರೂ ಆಶ್ಚರ್ಯವಿಲ್ಲ.

1972ರ ಆಗಸ್ಟ್ 15ರಂದು ಪಿನ್‌ಕೋಡು ಬಂತು. ಚಿಕ್ಕೋಡಿ, ರಾಯಬಾಗ, ಅಥಣಿ, ನಿಪ್ಪಾಣಿ, ಕಾಗವಾಡ, ನಮ್ಮ ಈ ಐದೂ ಪಟ್ಟಣಗಳ ಸಂಖ್ಯೆ 591ರಿಂದ ಶುರುವಾಗುತ್ತದೆ: ಚಿಕ್ಕೋಡಿ 591201, ಅಥಣಿ 591304. ಅಂಕಿ ಅಂಚೆ ಕಚೇರಿಯವರೆಗೆ ತಂದು ಬಿಡುತ್ತದೆ. ಅಲ್ಲಿಂದ ತೋಟದ ಬಾಗಿಲಿನವರೆಗೆ ಪೋಸ್ಟಮನ್ನನ ನೆನಪೇ ನಕಾಶೆ. ಆತನ ಬದಲಿಗೆ ಹೊಸಬ ಬಂದರೆ, ರಾತ್ರಿ ಎದೆನೋವು ಎಂದು 108ಕ್ಕೆ ಫೋನು ಮಾಡಬೇಕಾಗಿ ಬಂದರೆ? 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಹೊಳೆದಂಡೆಯ ತೋಟಗಳಿಗೆ ನೀರು ಹೊಕ್ಕಿತು. ಅಂಥ ಹೊತ್ತಿನಲ್ಲಿ ಬೋಟಿನವರಿಗೆ ಬೇಕಾಗುವುದು ತೋಟದ ಹೆಸರೇ ಹೊರತು ಅಡ್ಡರಸ್ತೆಯ ನಂಬರಲ್ಲ.

ತೋಟದ ಹೆಸರಿಗೆ ಒಂದು ಖಾನೆ ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಶಿಕ್ಷಣ ಇಲಾಖೆ ಈ ತಾಲೂಕುಗಳ ಎಷ್ಟೋ ಶಾಲೆಗಳಿಗೆ ತೋಟದ ಹೆಸರನ್ನೇ ಇಟ್ಟು, ಫಲಕ ಬರೆಸಿ ನಡೆಸುತ್ತಿದೆ. ಶಾಲೆಗೆ ಸಲ್ಲುವ ವಿಳಾಸ ಆ ಶಾಲೆಯ ಮಗುವಿನ ಮನೆಗೂ ಸಲ್ಲಬೇಕು. ನಮೂನೆ ಬರೆಯುವ ಅಧಿಕಾರಿಗಳೇ, ಬಿಲ್ಡಿಂಗಿನ ಕೆಳಗೆ "ತೋಟ ಅಥವಾ ವಸ್ತಿ" ಎಂದು ಇನ್ನೊಂದು ಖಾನೆ ಸೇರಿಸಿ.