ಪೇಟೆಯಲ್ಲಿ ಒಂದು ಅಪರಾಹ್ನ

ಮಗಳಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರವೇಶ ದೊರೆತಿತ್ತು. ಅವಳನ್ನು ಹಾಸ್ಟೆಲಿಗೆ ಸೇರಿಸುವ ಕೆಲಸ ಬೆಳಿಗ್ಗೆಯೇ ಮುಗಿಯಿತು. ನನ್ನ ಬಸ್ಸು ಇದ್ದುದು ರಾತ್ರಿಗೆ. ನಡುವೆ ಒಂದಿಡೀ ಅಪರಾಹ್ನ ನಮ್ಮದಾಗಿತ್ತು. “ಅಬ್ಬಾ, ದೊಡ್ಡ ಅಂಗಡಿಗಳನ್ನು ಒಮ್ಮೆ ನೋಡಿ ಬರೋಣವೇ? ಏನೂ ಕೊಳ್ಳುವುದು ಬೇಡ” ಎಂದಳು. ವರ್ಷಗಳಿಂದ ಮದ್ರಸದ ಮಕ್ಕಳಿಗೆ ದುಂದುವೆಚ್ಚದ ಕೆಡುಕನ್ನು ಬೋಧಿಸುತ್ತ ಬಂದವನು ನಾನು. ಆದರೂ ಅಗಲಿಕೆಯ ದಿನ ಇಲ್ಲವೆನ್ನಲಾಗಲಿಲ್ಲ.

ಶಿವಾಜಿನಗರದಲ್ಲಿ ಝುಹರ್ ನಮಾಝ್ ಮುಗಿಸಿ ಕಮರ್ಷಿಯಲ್ ಸ್ಟ್ರೀಟ್‌ಗೆ ಹೊರಳಿದೆವು. ಅಲ್ಲಿ ನನಗೆ ಪರಕೀಯತೆ ಕಾಡಲಿಲ್ಲ. ಬಟ್ಟೆಯಂಗಡಿಯ ಬಾಗಿಲಲ್ಲಿ ನಿಂತು ಕರೆಯುವ ಹುಡುಗರು, ಚೌಕಾಸಿ, ಕನ್ನಡ ಉರ್ದು ತಮಿಳುಗಳು ಬೆರೆತ ಮಾತು, ಎಲ್ಲವೂ ನಮ್ಮೂರಿನ ಸಂತೆಯ ದೊಡ್ಡ ರೂಪದಂತಿದ್ದವು.

ಅನಂತರ ಆಟೋ ಹಿಡಿದು ವಿಠಲ ಮಲ್ಯ ರಸ್ತೆಗೆ ಹೋದೆವು. ಅಲ್ಲಿಯ ಭವ್ಯ ಮಳಿಗೆಗಳಲ್ಲಿ ಪೇಟೆಯ ಸದ್ದೇ ಇಲ್ಲ. ಹೊಳೆಯುವ ನೆಲ, ತಂಪು ಗಾಳಿ, ಗಾಜಿನಾಚೆ ಬೆಳಕಿನಲ್ಲಿ ಒಂಟಿಯಾಗಿ ಕುಳಿತ ಒಂದು ಕೈಚೀಲ. ಹಲವು ವಸ್ತುಗಳಿಗೆ ಬೆಲೆಯ ಚೀಟಿಯೂ ಇರಲಿಲ್ಲ. ಚೀಟಿಯಿದ್ದ ಒಂದು ಕೈಗಡಿಯಾರದ ಬೆಲೆ ನನ್ನ ಎರಡು ವರ್ಷದ ವೇತನಕ್ಕಿಂತ ಹೆಚ್ಚಾಗಿತ್ತು.

ನನ್ನೊಳಗಿನ ಬೋಧಕ ಎಚ್ಚೆತ್ತನು. ಪ್ರವಾದಿವರ್ಯರು(ಸ) ಮದೀನಾದ ಪೇಟೆಯಲ್ಲಿ ಸತ್ತುಬಿದ್ದ ಆಡಿನ ಮರಿಯೊಂದನ್ನು ಕಂಡು, ಇದನ್ನು ಒಂದು ದಿರ್ಹಮಿಗೆ ಯಾರು ಕೊಳ್ಳುವಿರಿ ಎಂದು ಅನುಚರರನ್ನು ಕೇಳಿದ ಪ್ರಸಂಗವನ್ನು ಮಗಳಿಗೆ ವಿವರಿಸಿದೆ. ಅಲ್ಲಾಹನ ಬಳಿ ಈ ಲೋಕವು ಅದಕ್ಕಿಂತಲೂ ಅಲ್ಪವೆಂದು ಅವರು ತಿಳಿಸಿದ್ದನ್ನೂ ಹೇಳಿದೆ. ಮಗಳು ಎಲ್ಲವನ್ನೂ ಆಲಿಸಿ ಮೆಲ್ಲನೆ ಕೇಳಿದಳು: “ನಾವು ಇದನ್ನು ಕೊಳ್ಳದಿರುವುದು ಬೇಡವೆಂದೋ, ನಮ್ಮಿಂದ ಆಗದೆಂದೋ?”

ನಾನು ನಿರುತ್ತರನಾದೆ. ಲೋಕದ ಅಲ್ಪತೆಯನ್ನು ವಿವರಿಸುತ್ತಿದ್ದಾಗಲೂ ಆ ಬೆಲೆಯನ್ನು ಮನಸ್ಸಿನಲ್ಲೇ ನನ್ನ ವೇತನದಿಂದ ಮೂರು ಬಾರಿ ಭಾಗಿಸಿ ನೋಡಿದ್ದೆ. ಸವೆದ ಚಪ್ಪಲಿ ಯಾರಿಗೂ ಕಾಣದಿರಲೆಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡಿದ್ದೆ. ಕೈ ಬರಿದಾಗಿತ್ತು ನಿಜ, ಆದರೆ ಗಡಿಯಾರ ಹೃದಯದಲ್ಲಿತ್ತು. ಇದು ಝುಹ್ದ್ ಹೇಗಾದೀತು?

ಅಬ್ದುರ್ರಹ್ಮಾನ್ ಬಿನ್ ಔಫ್(ರ) ನೆನಪಾದರು. ಹಿಜ್‌ರತ್‌ನ ಬಳಿಕ ಮದೀನಾದ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ನೀಡಲು ಮುಂದಾದಾಗ ಅವರು ಹರಸಿ ನಿರಾಕರಿಸಿ, ಪೇಟೆಯ ದಾರಿಯನ್ನಷ್ಟೇ ಕೇಳಿದರು. ವ್ಯಾಪಾರ ಮಾಡಿದರು, ಶ್ರೀಮಂತರಾದರು, ಧಾರಾಳವಾಗಿ ದಾನ ಮಾಡಿದರು. ಈತನೂ ಉಣ್ಣುತ್ತಾನೆ, ಪೇಟೆಯಲ್ಲಿ ನಡೆಯುತ್ತಾನೆ, ಇವನೆಂತಹ ಸಂದೇಶವಾಹಕನೆಂದು ಸತ್ಯನಿಷೇಧಿಗಳು ಆಕ್ಷೇಪಿಸಿದ್ದನ್ನು ಕುರ್‌ಆನ್ ಉಲ್ಲೇಖಿಸುತ್ತದೆ. ಪೇಟೆ ಪ್ರವಾದಿಗಳಿಗೆ ಹೊರತಾದ ಸ್ಥಳವಾಗಿರಲಿಲ್ಲ.

ಇನ್ನೊಂದು ನೆನಪು ಚುಚ್ಚಿತು. ಮಗಳು ಏಳನೇ ತರಗತಿಯಲ್ಲಿದ್ದಾಗ ಈದ್‌ಗೆ ಒಂದು ಜೊತೆ ಬೂಟು ಕೇಳಿದ್ದಳು. ಅದು ಇಸ್ರಾಫ್, ಅಲ್ಲಾಹನಿಗೆ ಇಷ್ಟವಾಗದು ಎಂದು ಗದರಿದ್ದೆ. ನಿಜಕ್ಕೂ ಅಂದು ನನ್ನಲ್ಲಿ ಹಣವಿರಲಿಲ್ಲ. ಜೇಬಿನ ಕೊರತೆಯನ್ನು ದೀನಿನ ಹೆಸರಿನಿಂದ ಮುಚ್ಚಿದ್ದೆ. ಬಡತನ ಪಾಪವಲ್ಲ. ಆದರೆ ಮಗುವಿನ ಸಣ್ಣ ಆಸೆಯ ಮೇಲೆ ಅಲ್ಲಾಹನ ಅಪ್ರಸನ್ನತೆಯ ಮುದ್ರೆ ಒತ್ತುವ ಅಧಿಕಾರ ನನಗೆ ಯಾರು ಕೊಟ್ಟಿದ್ದರು?

ಹೊರಗೆ ಮರದ ನೆರಳಿನಲ್ಲಿ ನಿಂತು ಮಗಳಿಗೆ ಅದನ್ನು ಹೇಳಿಬಿಟ್ಟೆ. ಅವಳು ನಕ್ಕು, “ನನಗೆ ಅಂದೇ ತಿಳಿದಿತ್ತು ಅಬ್ಬಾ. ಅಮ್ಮಿ ಹೇಳಿದ್ದರು. ಆದರೆ ನೀವೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು” ಎಂದಳು.

ಮರಳುವಾಗ ಚರ್ಚ್ ಸ್ಟ್ರೀಟ್‌ನ ಹಳೆಯ ಪುಸ್ತಕದಂಗಡಿಯಲ್ಲಿ ಅವಳಿಗೊಂದು ನಿಘಂಟು ಕೊಂಡೆ. ಇನ್ನೊಂದನ್ನು ಆಸೆಯಿಂದ ನೋಡಿದಳು. “ಇದು ಒಳ್ಳೆಯದೇ ಮಗಳೇ, ಆದರೆ ಈಗ ನನ್ನಲ್ಲಿ ಹಣ ಸಾಲದು” ಎಂದೆ. ಆ ಮಾತು ಹೇಳಿದಾಗ ನಾಚಿಕೆಯಾಗಲಿಲ್ಲ, ಎದೆ ಹಗುರವಾಯಿತು. ಅಸ್ರ್‌ನ ಹೊತ್ತಿಗೆ ಮತ್ತೆ ಮಸೀದಿಯ ದಾರಿ ಹಿಡಿದೆವು.

ಖರ್ಚಿನಲ್ಲಿ ದುಂದೂ ಜಿಪುಣತನವೂ ಅಲ್ಲದ ಮಧ್ಯಮ ಮಾರ್ಗವನ್ನು ಕುರ್‌ಆನ್ ನಮಗೆ ಕಲಿಸಿದೆ. ಅದನ್ನು ಮಕ್ಕಳಿಗೆ ಕಲಿಸೋಣ. ಆದರೆ ಇಲ್ಲದಿರುವುದನ್ನು ಇಲ್ಲವೆಂದೇ ಹೇಳೋಣ. ಅಲ್ಲಾಹನು ನಮ್ಮ ಕೈಗಳಿಗೆ ಹಲಾಲ್ ಸಂಪಾದನೆಯನ್ನೂ ಹೃದಯಗಳಿಗೆ ತೃಪ್ತಿಯನ್ನೂ ನಾಲಗೆಗಳಿಗೆ ಸತ್ಯವನ್ನೂ ಕರುಣಿಸಲಿ. ಆಮೀನ್.